x ಧನಸಂಖ್ಯೆ ಎಂದು ಹೇಳಿದ್ದು ಯಾರು?

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಕಥೆಗಾರ ತಲೆ ಕೆರೆದುಕೊಂಡು ಬರೆದ: ‘ದಡ್ಡಿ ಎಂಬ ಊರಿನ ಬಡ ಕೂಲಿಕಾರನ ಮಗಳು ಆಮ್ರಪಾಲಿ...’

“ತಡೀರಿ ಸರ್. ಕೂಲಿಕಾರ ಅಂತ ಯಾರ್ ಹೇಳಿದ್ರು? ನಮ್ಮಪ್ಪ ಹುಕ್ಕೇರಿ ಕೋರ್ಟಿನ್ಯಾಗ ವಕೀಲ್ರು ಅದಾರ. ಆಮ್ರಪಾಲಿ ಅನ್ನೋ ಹೆಸರು ಕೇಳಿದ ಕೂಡ್ಲೆ ಬಡವ್ರ ಕಥಿ ಕಟ್ಟಿಬಿಟ್ರಿ?”

ಇನ್ನೂ ಪೂರ್ತಿ ಹುಟ್ಟದ ಪಾತ್ರದ ಬಾಯಿ ನೋಡಿ! ಕಥೆಗಾರನ ಮುಖ ಸಪ್ಪಗಾಯಿತು. ಮೊದಲ ಡ್ರಾಫ್ಟ್ ಡಿಲೀಟ್.

೨

ಸರಿ, ನೇರವಾಗಿ ಪರೀಕ್ಷೆಗೇ ಹೋಗೋಣ. ಗೋಕಾಕದ ಒಂದು ಕಾಲೇಜು, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ, ಗಣಿತದ ಕೊನೆಯ ಪ್ರಶ್ನೆ. ಕಳೆದ ವರ್ಷ ಆಮ್ರಪಾಲಿಗೆ ಬೇಕಾದ ಸೀಟು ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಮತ್ತೊಮ್ಮೆ ಬರೆಯುವ ತಾಳ್ಮೆ ಅವಳಿಗಿಲ್ಲ.

ಪ್ರಶ್ನೆ ಇಷ್ಟೇ: 6/x < 2 ಆದರೆ x ಏನೇನು ಆಗಬಹುದು?

ಮೂಡಲಗಿಯ ಕೋಚಿಂಗ್ ಕ್ಲಾಸಿನಲ್ಲಿ ಗುರುರಾಜ ಸರ್ ಕಲಿಸಿದ ಒಳದಾರಿಯೊಂದಿದೆ. “ಕೆಳಗಿನ x ಎತ್ತಿ ಆ ಕಡೆ ಒಗೀರಿ, ಮುಂದ ನಡೀರಿ!” ಇಡೀ ಕ್ಲಾಸು ನಿದ್ದೆಗಣ್ಣಲ್ಲೂ ಹಾಗೆಯೇ ಎತ್ತಿ ಎಸೆಯುತ್ತದೆ. ಆಮ್ರಪಾಲಿಯೂ ಒಗೆದಳು. 6 < 2x. ಅಂದರೆ x > 3. ಆಯ್ಕೆ ‘ಎ’ಯಲ್ಲಿ ಅದೇ ಉತ್ತರ ಕಾದು ಕೂತಿತ್ತು.

(ಓದುಗರೇ, ನೀವೂ ಅದನ್ನೇ ಟಿಕ್ ಮಾಡಿದಿರಿ ತಾನೆ? ಸುಳ್ಳು ಹೇಳಬೇಡಿ.)

೩

ಆದರೆ ಈ ಹುಡುಗಿ ಪೆನ್ನು ಎತ್ತಿ ಹಿಡಿದು ಸುಮ್ಮನೆ ಕೂತಳು.

“ಟೈಮ್ ಆಗಾಕತ್ತೈತಿ, ಲಗೂನ ಮುಗಿಸ್ರಿ,” ಎಂದರು ಮೇಲ್ವಿಚಾರಕಿ ವಿಜಯಲಕ್ಷ್ಮಿ ಮೇಡಂ.

ಆಮ್ರಪಾಲಿ ಪ್ರಶ್ನೆಯನ್ನು ಮತ್ತೊಮ್ಮೆ ಓದಿದಳು. ಆ ಕಡೆ ಒಗೆದ ಮೇಲೂ ‘ಕಡಿಮೆ’ ಚಿಹ್ನೆ ತಿರುಗದೆ ಹಾಗೇ ಉಳಿಯಬೇಕಾದರೆ x ಧನಸಂಖ್ಯೆ ಆಗಿರಬೇಕು. ಹಾಗಂತ ಪ್ರಶ್ನೆಯಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಸರ್ ಹೇಳಿಲ್ಲ, ತಾನು ಕೇಳಿಲ್ಲ. x ಜಾಗದಲ್ಲಿ −1 ಇಟ್ಟು ನೋಡಿದಳು. ಸಿಕ್ಕಿದ್ದು −6. ಎರಡಕ್ಕಿಂತ ಕಡಿಮೆಯೇ! ಯಾವ ಋಣಸಂಖ್ಯೆಯಿಂದ ಭಾಗಿಸಿದರೂ ಸಿಗುವುದು ಋಣವೇ, ಹಾಗಾದರೆ ಋಣಸಂಖ್ಯೆಗಳೆಲ್ಲ ಉತ್ತರದೊಳಗಿನವೇ. ಅಷ್ಟನ್ನೂ ತಾನು ಕೇಳದೆಯೇ ಬಾಗಿಲ ಹೊರಗೆ ನಿಲ್ಲಿಸಿಬಿಡುತ್ತಿದ್ದಳು. ‘ಎ’ ಬಿಟ್ಟು ‘ಸಿ’ಯ ವೃತ್ತ ತುಂಬಿದಳು: x < 0 ಅಥವಾ x > 3.

ಎಂಥ ಹುಡುಗಿ! ಸಮಯ ಕುತ್ತಿಗೆಗೆ ಬಂದಿರುವಾಗ, ವರ್ಷವಿಡೀ ಪಳಗಿದ ತನ್ನ ಕೈಯನ್ನೇ ಅನುಮಾನಿಸಿ ನಿಲ್ಲುವುದು ಸುಮ್ಮನೆ ಮಾತಲ್ಲ. ಕಥೆಗಾರನಿಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನ್ನಿಸಿತು.

೪

ಅಂತ್ಯ ಒಂದು: ಸೀಟು ಸಿಕ್ಕಿತು. ಓಣಿಗೆಲ್ಲ ಪೇಢೆ.

ಅಂತ್ಯ ಎರಡು: ಬೇರೆಲ್ಲೋ ಎಡವಿದ್ದಳು. ಸೀಟು ಸಿಗಲಿಲ್ಲ. (ಛೇ, ಇದು ಬೇಡ. ಹೊಡೆದುಹಾಕಿದೆ.)

“ಎರಡನೇದ್ ಯಾಕ್ ಹೊಡದ್ ಹಾಕಿದ್ರಿ?” ಆಮ್ರಪಾಲಿ ಕೇಳಿದಳು.

“ನೀ ಶಾಣ್ಯಾಕಿ ಅಂತ ಓದೋ ಮಂದಿಗೆ ಗೊತ್ತಾಗಬ್ಯಾಡೇನು ತಂಗಿ?”

“ಸೀಟು ಸಿಕ್ಕರಷ್ಟ ಶಾಣ್ಯಾಕಿ, ಇಲ್ಲಂದ್ರ ಅಲ್ಲ. ಇದನ್ನ ಯಾರನ್ನ ಕೇಳಿ ಖರೆ ಅಂತ ಹಿಡಕೊಂಡ್ರಿ ಸರ್?”

ಕಥೆಗಾರ ಮೊದಲನೆಯ ಅಂತ್ಯವನ್ನೂ ಹೊಡೆದುಹಾಕುವಷ್ಟರಲ್ಲಿ ಅವಳು ಹುಕ್ಕೇರಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಾಗಿತ್ತು. ಫಲಿತಾಂಶ ಬರಲು ಇನ್ನೂ ದಿನಗಳಿದ್ದವು. ಅವಳು ಮಾತ್ರ ಈಗಲೇ ಖುಷಿಯಾಗಿದ್ದಳು.