ದಾಸೋಹದ ಚೀಲಕ್ಕೆ ಎಮರಿ

ಅಕ್ಕಿ ಬೆಳ್ಳಗಾಗಬೇಕಾದರೆ ಕಲ್ಲಿಗೆ ಮೈಯುಜ್ಜಬೇಕು. ಆ ಕಲ್ಲು ಕಟ್ಟುವುದೇ ರಾಯಚೂರಿನ ಶಾಮೀದಸಾಬನ ಕಸುಬು. ಎಮರಿ ಎಂಬ ಸಾಣೆಕಲ್ಲಿನ ಕರಿ ಹರಳನ್ನು ಸಿಮೆಂಟಿನಂಥ ಪುಡಿಯಲ್ಲಿ ಕಲಸಿ, ಮಿಲ್ಲಿನ ಕಬ್ಬಿಣದ ಉರುಳೆಗೆ ಮೆತ್ತಿ, "ಒಣಗಾಕ ಮೂರು ದಿನ ಬೇಕು, ಮುಟ್ಟಬ್ಯಾಡ್ರಿ" ಎಂದು ಹೇಳಿಯೇ ಏಳುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನ ಕಲ್ಲು ಒಮ್ಮೆಯೂ ಉದುರಿರಲಿಲ್ಲ; ಅವನಿಗಿದ್ದ ಜಂಬ ಅದೊಂದೇ.

ಎಂಬತ್ತೆರಡರ ಬೇಸಿಗೆಯಲ್ಲಿ ಮಾನ್ವಿಯ ಸಾಹುಕಾರ ದೊಡ್ಡಪ್ಪನ ಮಿಲ್ಲಿಗೂ ಹಾಗೆಯೇ ಕಟ್ಟಿ, ದೇವದುರ್ಗದ ಕೆಲಸ ಮುಗಿಸಿ ನಾಲ್ಕನೆಯ ದಿನ ಬಂದರೆ ಮಿಲ್ಲು ಆಗಲೇ ಓಡಿ ನಿಂತಿತ್ತು. ಅಕ್ಕಿ ಕೇರುವ ಬಂಡೆಮ್ಮ ಅಂಗೈ ಚಾಚಿದಳು. ಅಕ್ಕಿಯ ನಡುವೆ ಅಲ್ಲಲ್ಲಿ ಕರಿ ಹರಳು.

"ನೀ ಹೋದ ಮರುದಿನಾನ ಚಾಲೂ ಮಾಡ್ಯಾರ ಯಣ್ಣಾ. ಕೇರಿದ್ರೂ ಹೋಗವಲ್ದು."

ಶಾಮೀದಸಾಬ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಹಲ್ಲು ಜುಮ್ಮೆಂದಿತು. ಉಗಿದ.

ದೊಡ್ಡಪ್ಪ ಗಾದಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದ.

"ಈ ಅಕ್ಕಿ ಏನ್ ಮಾಡ್ತೀರಿ ಸಾವ್ಕಾರ್ರ?"

"ಹತ್ತು ಚೀಲ ಮಠದ ದಾಸೋಹಕ್ಕ ಕೊಟ್ಟೀನಿ. ಸಂಜಿಗಿ ಬಂಡಿ ಬರ್ತದ. ದುಡಿಯೋರ ಹೊಟ್ಟಿ, ಕಲ್ಲೂ ಅರಗ್ತದ. ಯಾರರ ಕೇಳಿದ್ರ ಶಾಮೀದನ ಕಲ್ಲು ಕಚ್ಚಾ ಅಂದ್ರಾತು. ನಡಿ, ಮನಿಗಿ ಹೋಗಿ ಉಂಡು ಹೋಗು."

ಮನೆಯ ಕಟ್ಟೆಯ ಮೇಲೆ ಎಲೆ ಹಾಕಿ ದೊಡ್ಡಪ್ಪನ ಹೆಂಡತಿ ವೀರಭದ್ರಮ್ಮ ಬಡಿಸಿದಳು. ಮಲ್ಲಿಗೆಯಂಥ ಅನ್ನ. ಶಾಮೀದಸಾಬ ಹೆದರುತ್ತಲೇ ಅಗಿದ; ಒಂದು ಹರಳೂ ಸಿಗಲಿಲ್ಲ.

"ಅಂಜಬ್ಯಾಡ, ಉಣ್ಣು," ಎಂದಳು ಆಕೆ. "ಇದು ನಮ್ಮ ಮಿಲ್ಲಿಂದಲ್ಲ. ನಿನ್ನೆ ರಾಯಚೂರಿಂದ ತರ್ಸ್ಯಾರ."

ಅವನು ಅಗಿಯುವುದನ್ನು ನಿಲ್ಲಿಸಿದ. ಎಂಥ ಹೇಸಿ ಮನುಷ್ಯ ಈ ದೊಡ್ಡಪ್ಪ! ತಾನು ಉಗಿಯುವುದನ್ನು ಹಸಿದವರ ಎಲೆಗೆ ಹಾಕಿ ದಾನಿ ಎನಿಸಿಕೊಳ್ಳುತ್ತಾನೆ. ಅದೇ ಕೈಯ ಅನ್ನ ತನ್ನ ಬಾಯಲ್ಲಿದೆ ಎಂದು ನೆನೆದು ಶಾಮೀದಸಾಬ ತುತ್ತನ್ನು ಉಗಿದ. ಎಲೆ ಬಿಟ್ಟು ಎದ್ದ.

ಅವನು ಮಿಲ್ಲಿಗೆ ಬಂದಾಗ ದೊಡ್ಡಪ್ಪ ಗಾದಿಯ ಮೇಲೇ ನಿದ್ದೆ ಹೋಗಿದ್ದ. ದಾಸೋಹದ ಹತ್ತು ಚೀಲ ಬಾಗಿಲ ಬಳಿ ಸಾಲಾಗಿದ್ದವು. ಶಾಮೀದಸಾಬ ಮೊದಲನೆಯದರ ಬಾಯಿ ಬಿಚ್ಚಿ, ತನ್ನಲ್ಲಿ ಉಳಿದಿದ್ದ ಎಮರಿಯನ್ನು ಬೊಗಸೆಗಟ್ಟಲೆ ಸುರಿದು, ಮೊಳಕೈವರೆಗೆ ಕೈ ಇಳಿಸಿ ಕಲಸಿದ. ಅಕ್ಕಿ ಇದ್ದಿಲಪುಡಿಯ ಹಾಗೆ ಕಪ್ಪಾಯಿತು. ಇನ್ನು ಯಾವ ಅಡುಗೆಯವನೂ ಇದನ್ನು ಒಲೆಗೆ ಇಡುವುದಿಲ್ಲ.

"ನಿನ್ನ ಹೆಸರು ಕೆಡ್ತದ ಯಣ್ಣಾ," ಎಂದಳು ಬಂಡೆಮ್ಮ.

"ಕೆಡ್ಲಿ ಬಿಡವ್ವ. ಕಣ್ಣಿಗಿ ಕಂಡ್ರ ಯಾರೂ ಬಾಯಿಗಿ ಹಾಕ್ಕಣಲ್ಲ."

ಬಂಡೆಮ್ಮ ಗಾದಿಯ ಕಡೆ ಒಮ್ಮೆ ನೋಡಿದಳು. ಮೊರ ಕೆಳಗಿಟ್ಟು, ಎರಡನೆಯ ಚೀಲದ ಬಾಯಿ ಬಿಚ್ಚಿದಳು.