ಕುಚ್ಚುಮೀನಿನ ಸಾಕ್ಷಿ

“ತನ್ನೂರು ಮುಳುಗಿಸ್ಕೊಂಡು ಬಂದ ದರಿದ್ರ, ಈಗ ನಮ್ ಕೆರೆಗೂ ಕೈ ಹಾಕ್ದ! ಕಾರೆಕಾಯಿ ಅರ್ದು ನೀರಿಗೆ ವಿಷ ಹಾಕೋ ನಾಯಿಗೆ ಕೆರೆಬೇಟೆ ಬೇರೆ ಕೇಡು!”

ಪಟೇಲ ಮಂಜುನಾಥಪ್ಪ ಹುಡುಗ ಕನ್ನಪ್ಪನ ಮೇಲೆ ಹೀಗೆ ಕೂಗಿದ್ದು ಕೆರೆ ಏರಿಯ ಮೇಲೆ, ಮೂರೂರ ಜನರ ಎದುರು. ಬೇಸಿಗೆಯಲ್ಲಿ ನೀರಿಳಿದ ಮೇಲೆ ಎಲ್ಲರೂ ಒಟ್ಟಿಗೆ ಮೀನು ಹಿಡಿಯಲು ಕೆರೆಗೆ ಬೀಳುವ ದಿನ ವರ್ಷಕ್ಕೊಂದೇ. ಆದರೆ ಇವತ್ತು ಬಂದು ನೋಡಿದರೆ ಗೆಂಡೆಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮೀನಿನ ಮೇಲೆ ಕವುಚಿ ಹಿಡಿಯುವ ಕೂಣಿ ಬುಟ್ಟಿ ಎಲ್ಲರ ಕೈಯಲ್ಲೂ ಸುಮ್ಮನೆ ನೇತಾಡುತ್ತಿತ್ತು.

ಕನ್ನಪ್ಪನ ಮೈಯೆಲ್ಲ ಉರಿಯಿತು. ಶರಾವತಿಗೆ ಕಟ್ಟೆ ಕಟ್ಟಿ, ಬ್ಯಾಕೋಡಿನ ಆಚೆಯ ಅವನ ಊರು ನೀರಿನಡಿ ಹೋಗಿ ವರ್ಷವೂ ಆಗಿರಲಿಲ್ಲ. ಅಲ್ಲಿಂದ ಬಂದ ಹನ್ನೊಂದು ಮನೆಗೂ ದನಕರುವಿಗೂ ಇದೊಂದೇ ಕೆರೆ. ವಿಷ ಹಾಕಿದ್ದು ನಿಜವಾದರೆ ಮುಳುಗಡೆಯವರು ಕೊಡ ಹಿಡಿದು ಇತ್ತ ಕಾಲಿಡಬಾರದೆಂದು ಪಟೇಲ ಆಗಲೇ ಹೇಳಿಯಾಗಿತ್ತು.

“ಮೂರು ದಿನದಿಂದ ಇಲ್ಲೇ ಕೂತಿರ್ತಿದ್ಯಲ್ಲ, ಎಂತಕ್ಕೆ?”

“ಮೀನು ನೋಡ್ತಿದ್ದೆ. ಬೆಳಗಾದ್ರೆ ಬಾಯಿ ಮೇಲೆ ಮಾಡಿ ಗಾಳಿ ಗುಟುಕರಿಸ್ತಿದ್ವು.”

“ಓಹೋ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವ್ನು ಮೀನಿಗೆ ಮೇಷ್ಟ್ರಾದ ಕಣ್ರೋ!”

ಜನ ಹೋ ಎಂದು ನಕ್ಕರು. ಕನ್ನಪ್ಪ ಪಕ್ಕದವನ ಕೈಯಿಂದ ಕೂಣಿ ಕಿತ್ತುಕೊಂಡು ಕೆರೆಗೆ ಧುಮುಕಿದ. ಮೊಣಕಾಲುದ್ದದ ನೀರು. ಎರಡು ಸಲ ಬರಿ ಕೆಸರು. ಮೂರನೇ ಸಲ ಕೂಣಿಯೊಳಗೆ ಕೈ ಬಿಟ್ಟು, ಹಾವಿನ ತಲೆಯಂಥ ತಲೆಯ ಕುಚ್ಚುಮೀನೊಂದನ್ನು ಎತ್ತಿದ. ಅದು ಬಾಲ ಬೀಸಿ ಅವನ ಕೆನ್ನೆಗೇ ಹೊಡೆಯಿತು.

“ನೋಡ್ರಿ! ವಿಷ ಹಾಕಿದ್ರೆ ಇದು ಉಳೀತಿತ್ತಾ? ಇದು ಮೇಲೆ ಬಂದು ಗಾಳಿ ಕುಡಿಯೋ ಜಾತಿ. ಗೆಂಡೆಗೆ ನೀರೊಳಗೇ ಉಸಿರು ಸಿಗ್ಬೇಕು. ಈ ನೀರಲ್ಲಿ ಉಸಿರೇ ಇಲ್ಲ!”

ಊರಿಗೆಲ್ಲ ಹಿರಿಯಳಾದ ಹುಲಿಯಮ್ಮ ಎಲೆಯಡಿಕೆ ಉಗಿದಳು. “ಹುಡ್ಗ ಹೇಳೋದು ಖರೆ. ಕಾರೆಕಾಯಿಗೆ ಕುಚ್ಚೂ ಉಳ್ಯಲ್ಲ. ನನ್ ಗಂಡ ಬೇಕಾದಷ್ಟು ಸಲ ಹಾಕಿದ್ದ.”

ಈ ಸಲ ಜನ ನಕ್ಕಿದ್ದು ಪಟೇಲನನ್ನು ನೋಡಿ. ಕನ್ನಪ್ಪನಿಗೆ ಅಷ್ಟು ಸಾಲಲಿಲ್ಲ. “ಇನ್ನೂ ನಂಬ್ಕೆ ಇಲ್ವಾ?” ಎಂದವನೇ ಬೊಗಸೆ ತುಂಬ ಆ ನೀರನ್ನೇ ಎತ್ತಿ ಕುಡಿದ.

ಹುಳಿ, ಲೋಳೆ, ಕೊಳೆತ ನಾತ. ಆ ನಾತ ಅವನಿಗೆ ಗೊತ್ತಿತ್ತು. ಹದಿನೈದು ದಿನದಿಂದ ಅದು ಅಪ್ಪನ ಪಂಚೆಯಲ್ಲಿತ್ತು.

ಹೊಸ ಮನೆಗಳ ಸೂರಿಗೆಂದು ಅಪ್ಪ ಜಟ್ಟಿಂಗಪ್ಪ ಗಾಡಿಗಟ್ಟಲೆ ಹಸಿ ಬಿದಿರು ಕಡಿದು, ಹುಳ ಹಿಡಿಯದಿರಲೆಂದು, ಕೆರೆಯ ಬಡಗಣ ಮೂಲೆಯ ಕೇದಗೆ ಮರೆಯಲ್ಲಿ ಕಲ್ಲು ಹೇರಿ ಮುಳುಗಿಸಿದ್ದ. ಹೊಳೆಯ ದಡದಲ್ಲಿದ್ದಾಗ ತಲೆತಲಾಂತರದಿಂದ ಹಾಗೇ ನೆನೆಹಾಕಿದ್ದು. ಕೊಳೆತದ್ದನ್ನೆಲ್ಲ ಹೊಳೆ ಹೊತ್ತುಕೊಂಡು ಹೋಗುತ್ತಿತ್ತು. ಈ ಕೆರೆ ಎಲ್ಲಿಗೆ ಹೊತ್ತೊಯ್ಯಬೇಕು?

“ಸರಿ ಮಾರಾಯ, ವಿಷ ಅಲ್ಲ ಅಂತಾಯ್ತು,” ಎಂದ ಪಟೇಲ. ದನಿಯಲ್ಲೀಗ ಕೊಂಕಿರಲಿಲ್ಲ. “ಹಂಗಾದ್ರೆ ನೀರಿನ ಉಸಿರು ನುಂಗಿದ್ದು ಯಾವ್ದು? ಅದ್ನೂ ನೀನೇ ಹೇಳು.”

ಕನ್ನಪ್ಪ ಏರಿಯ ಕಡೆ ನೋಡಿದ. ಜನರ ನಡುವೆ ಅಪ್ಪ ನಿಂತಿದ್ದ. ಈ ಊರಿಗೆ ಬಂದ ಮೇಲೆ ಮೊದಲ ಸಲ ತಲೆಯೆತ್ತಿ, ಪಕ್ಕದವನಿಗೆ ಮಗನನ್ನು ತೋರಿಸಿ ಏನೋ ಹೇಳುತ್ತಿದ್ದ. ಉಗುರಿನ ಸಂದಿಯಲ್ಲಿ ಬಿದಿರಿನ ಲೋಳೆ ಇನ್ನೂ ಕಪ್ಪಗಿತ್ತು.

ಕುಚ್ಚುಮೀನನ್ನು ನೀರಿಗೆ ಬಿಟ್ಟು, ಬಾಯಿ ಒರೆಸಿಕೊಂಡು ಕನ್ನಪ್ಪ ಏರಿ ಹತ್ತಿದ.

“ಏಯ್, ಕೇಳಿದ್ದು ನಿಂಗೇ ಕಣಾ! ಬಾಯಿ ಬಿದ್ದೋಯ್ತಾ?”

ಎಲ್ಲರ ಕಣ್ಣೂ ತನ್ನ ಬೆನ್ನಿಗೇ ಅಂಟಿಕೊಂಡಿರಲೆಂದು, ಕೇದಗೆಯ ಮೂಲೆಗೆ ಬೆನ್ನು ಹಾಕಿ, ತೆಂಕಣ ದಾರಿ ಹಿಡಿದು ಅವನು ಬಿರಬಿರನೆ ನಡೆದ.