ಮಕ್ತುಂಸಾಬನ ಸೊಂಟದ ಚೂರಿ

ನಾನೊಂದು ಚೂರಿ. ಗೇಣಿಗಿಂತ ತುಸು ಗಿಡ್ಡ. ಮುಧೋಳ ಸೀಮೆಯ ಕಮ್ಮಾರನೊಬ್ಬ ಕೆಟ್ಟು ನಿಂತ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಡಿದು, ಕಾಸಿ, ಬಡಿದು ನನ್ನನ್ನು ಮಾಡಿದ. ಹಿಡಿಕೆ ಜಾಲಿ ಕಟ್ಟಿಗೆಯದು. ಮಾಡಿಸಿದವನು ಹುಸೇನಸಾಬ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಆ ಮನೆಯ ಕಸುಬು. ನನಗೆ ವಹಿಸಿದ ಕೆಲಸ ಬೇರೆ: ಬೇಟೆನಾಯಿ ಹಿಡಿದ ಮೊಲವನ್ನು ಕೊಯ್ಯುವುದು. ಮೊಲದ ಬೇಟೆಗೆ ಕಾನೂನಿನ ತಡೆ ಬರುವುದಕ್ಕೆ ಮುಂಚಿನ ಮಾತಿದು.

ಕಣ್ಣು ಮಂಜಾದಾಗ ಹುಸೇನಸಾಬ ನನ್ನನ್ನು ಮಗ ಮಕ್ತುಂಸಾಬನ ಕೈಗಿತ್ತ.

"ಮೊಲಕ್ಕ ಚೂರಿ ತೋರಿಸಬ್ಯಾಡ. ಅದರ ಮುಂದ ಮಸೀಬ್ಯಾಡ. ಒಂದ ಎಳತಕ್ಕ ಮುಗೀಬೇಕು. ಎರಡನೇದ್ದು ಎಳದ್ರ ಆ ನೋವು ನಿನ್ನ ಲೆಕ್ಕಕ್ಕ."

ಹೀಗೆ ನಾನು ಮಕ್ತುಂಸಾಬನ ಸೊಂಟ ಸೇರಿದೆ. ಅವನಿಗೊಬ್ಬ ಗೆಳೆಯ, ಬೇಡರ ಬಾಳಪ್ಪ. ಬಾಳಪ್ಪನ ನಾಯಿ ಚಿಗರಿ. ಉದ್ದ ಮೋರೆ, ಒಳಸೇರಿದ ಹೊಟ್ಟೆ, ಹೆಸರಿಗೆ ತಕ್ಕಂತೆ ಜಿಂಕೆಯ ಓಟ. ಜೋಳ ಕೊಯ್ದ ಎರೆಹೊಲದಲ್ಲಿ ಇಬ್ಬರೂ ಹೆಜ್ಜೆ ಹಾಕುತ್ತ ಹೋದರೆ ಕೂಳೆಯ ನಡುವಿನಿಂದ ಮೊಲ ಏಳುತ್ತಿತ್ತು. ಬಾಳಪ್ಪ ಹಗ್ಗ ಬಿಡುತ್ತಿದ್ದ. ಹಿಡಿದದ್ದನ್ನು ಜಗಿಯದೆ ಬಾಯಲ್ಲಿ ಇಟ್ಟುಕೊಳ್ಳುವುದನ್ನು ಅವನು ಚಿಗರಿಗೆ ಮರಿಯಿಂದಲೇ ಕಲಿಸಿದ್ದ. ಕಾರಣ ಮಕ್ತುಂಸಾಬ. ಮೊಲಕ್ಕೆ ಜೀವವಿರುವಾಗಲೇ ದೇವರ ಹೆಸರು ಹೇಳಿ ಕೊಯ್ದರಷ್ಟೇ ಅವನು ಉಣ್ಣುತ್ತಿದ್ದ.

ಅದಕ್ಕೇ ನಾಯಿಯ ಹಿಂದೆ ಅವನೂ ಓಡಬೇಕು. ಓಡುತ್ತಿದ್ದ. ಎಡಗೈಯಿಂದ ಮೊಲದ ಕಣ್ಣು ಮುಚ್ಚಿ, ಬೆನ್ನ ಹಿಂದಿನಿಂದ ನನ್ನನ್ನು ತಂದು, ಒಮ್ಮೆ ಎಳೆಯುತ್ತಿದ್ದ. ಮೊಲಕ್ಕೆ ನಾನು ಬಂದದ್ದು ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

"ನಮ್ಮ ನಾಯೀಗಿಂತ ನಮ್ಮ ಸಾಬ ಜೋರ ಓಡ್ತಾನ. ಮುಂದಿನ ಸಲ ಇವಂಗ ಹಗ್ಗ ಕಟ್ಟಬೇಕು" ಎಂದು ಬಾಳಪ್ಪ ನಗುತ್ತಿದ್ದ. ಹಳ್ಳದ ದಂಡೆಯಲ್ಲಿ ಒಂದೇ ಗಡಿಗೆ, ಇಬ್ಬರ ಊಟ.

ವರ್ಷಗಳು ಹೋದವು. ಗಾದಿ ಹೊಲಿಯುತ್ತ ಕುಂತು ಕುಂತು ಮಕ್ತುಂಸಾಬನ ಮೊಣಕಾಲು ಹಿಡಿದವು. ಒಂದು ದಿನ ಅವನು ಮುಟ್ಟುವಷ್ಟರಲ್ಲಿ ಮೊಲ ನಾಯಿಯ ಬಾಯಲ್ಲೇ ಸತ್ತಿತ್ತು. ನಾನು ಒರೆಯಿಂದ ಹೊರಗೆ ಬಂದೆ, ಹಾಗೇ ಒಳಗೆ ಹೋದೆ.

"ಕೊಯ್ದಬಿಡೋ ಮಾರಾಯಾ" ಎಂದ ಬಾಳಪ್ಪ. "ಇನ್ನೂ ಬೆಚ್ಚಗೈತಿ. ಸತ್ತಿದ್ದು ಯಾರಿಗೆ ಗೊತ್ತಾಗ್ತೈತಿ?"

"ಕೊಯ್ಯಾಂವಗ ಗೊತ್ತಿರ್ತೈತಲ್ಲೋ."

ಆ ದಿನ ಅವನು ರೊಟ್ಟಿಗೆ ಕುಟ್ಟಿದ ಮೆಣಸಿನಕಾಯಿಯ ಹಿಂಡಿ ಹಚ್ಚಿಕೊಂಡು ಉಂಡ. ಮುಂದಿನ ಬೇಟೆಯಲ್ಲೂ ಹಾಗೇ ಆಯಿತು. ಬಾಳಪ್ಪ ಗಡಿಗೆಯಲ್ಲಿ ಅರ್ಧ ಬಿಟ್ಟು ಎದ್ದ. ಗೆಳೆಯನನ್ನು ಬಿಟ್ಟು ಒಬ್ಬನೇ ಉಣ್ಣುವುದು ಅವನಿಂದ ಆಗಲಿಲ್ಲ.

ಮಕ್ತುಂಸಾಬ ಪೇಟೆಯ ಮೌಲಾನಾರನ್ನು ಕೇಳಿ ಬಂದ. ಕಲಿತ ಬೇಟೆನಾಯಿಯನ್ನು ತಾನೇ ದೇವರ ಹೆಸರು ಹೇಳಿ ಬಿಟ್ಟರೆ, ನಾಯಿ ಅದನ್ನು ತಿನ್ನದೆ ಹಿಡಿದರೆ, ಕೈ ಮುಟ್ಟುವ ಮೊದಲೇ ಮೊಲ ಸತ್ತರೂ ಉಣ್ಣಬಹುದು ಎಂದರಂತೆ. ಆದರೆ ಚಿಗರಿಯ ಹಗ್ಗವನ್ನು ಬಾಳಪ್ಪ ಸ್ವಂತ ತಮ್ಮನಿಗೂ ಕೊಟ್ಟವನಲ್ಲ. ಮಕ್ತುಂಸಾಬ ಅಳುಕುತ್ತಲೇ ವಿಷಯ ಹೇಳಿದ. ಬಾಳಪ್ಪ ಬಹಳ ಹೊತ್ತು ನಾಯಿಯ ಕಿವಿ ತಿಕ್ಕಿದ. ಆಮೇಲೆ ಹಗ್ಗ ಚಾಚಿದ.

"ಹಿಡಿ. ಹೆಂಡ್ತಿ ಕೇಳಿದ್ರೂ ಕೊಡ್ತಿರಲಿಲ್ಲ."

ಅಂದು ಮಕ್ತುಂಸಾಬನೇ ನಾಯಿಯನ್ನು ಬಿಟ್ಟ. ನನಗೆ ಕೆಲಸವಿರಲಿಲ್ಲ. ಅಭ್ಯಾಸಕ್ಕೆ ಸೊಂಟದಲ್ಲಿದ್ದೆ, ಅಷ್ಟೆ. ಚಿಗರಿ ಹಳ್ಳದಾಚೆ ಮೊಲ ಹಿಡಿದಳು. ಓಡುವ ಅಗತ್ಯವಿಲ್ಲವೆಂದು ಇಬ್ಬರೂ ಮಾತಾಡುತ್ತ ನಡೆದರು.

ಆಗ ಮೊಲ ಕೂಗಿತು. ಸಾಮಾನ್ಯವಾಗಿ ಅದು ದನಿ ಎತ್ತುವ ಪ್ರಾಣಿಯಲ್ಲ. ಸಾಯುವ ಭಯಕ್ಕಷ್ಟೇ ಕೂಗುತ್ತದೆ. ಒಂದೇ ಸಮನೆ, ತೆಳ್ಳಗೆ, ಎಳೆದು ಎಳೆದು ಕೂಗಿತು. ಚಿಗರಿ ಕಲಿಸಿದಂತೆಯೇ ನಡೆದುಕೊಂಡಳು: ಬಾಯಿ ಬಿಗಿಯಲಿಲ್ಲ, ಬಿಡಲೂ ಇಲ್ಲ. ಕೊಯ್ಯುವವನು ಬರುವನೆಂದು ಕಾಯುತ್ತ ನಿಂತಳು.

ಮಕ್ತುಂಸಾಬ ಓಡಲು ಹೋಗಿ ಹಳ್ಳದ ಉಸುಕಿನಲ್ಲಿ ಬಿದ್ದ. ಏಳಲಾಗಲಿಲ್ಲ. ನನ್ನನ್ನು ಹಿರಿದು ಬಾಳಪ್ಪನತ್ತ ಚಾಚಿದ.

"ಹೋಗೋ. ನೀನ ಕೊಯ್ಯಿ."

"ನಾ ಕೊಯ್ದ್ರ ನೀ ಉಣ್ಣಂಗಿಲ್ಲಲ್ಲೋ!"

"ಉಣ್ಣೂದು ಹಾಳಾಗ್ಲಿ. ಅದರ ಕೂಗು ಕೇಳವಲ್ದೇನು? ಓಡಲೇ ಬಾಳ್ಯಾ!"

ಬಾಳಪ್ಪ ಓಡಿದ. ಅವನ ಕೈಗೆ ನಾನು ಹೊಸಬ. ಮೊಲದ ಕಣ್ಣು ಮುಚ್ಚುವುದೂ ಅವನಿಗೆ ತಿಳಿಯಲಿಲ್ಲ. ಮೂರು ಸಲ ಎಳೆದ. ನಾನು ಚೆನ್ನಾಗಿಯೇ ಹರಿತವಿದ್ದೆ. ಆದರೂ ಮೂರು ಸಲ. ಕೂಗು ನಿಂತ ಮೇಲೆ ಅವನು ನನ್ನನ್ನು ಹುಲ್ಲಿಗೆ ಒರೆಸಿದ.

ಮೊಲವನ್ನು ಹಾಗೇ ಚಿಗರಿಯ ಮುಂದೆ ಇಟ್ಟ. ಅವಳು ಮೂಸಿ, ಅವನ ಮುಖ ನೋಡಿದಳು. ಬಾಳಪ್ಪ ಹಳ್ಳಕ್ಕೆ ಮರಳಿ ಬಂದು ಗೆಳೆಯನನ್ನು ಹೆಗಲಿಗೆ ಆನಿಸಿಕೊಂಡು ಎಬ್ಬಿಸಿದ.

"ಬಗೀಹರೀತಾ?" ಎಂದ ಮಕ್ತುಂಸಾಬ.

"ಹೂಂ. ಸಾವಕಾಶ ಆತು. ಮೂರು ಎಳತ."

ಮಕ್ತುಂಸಾಬ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಅರ್ಧ ಬಾಳಪ್ಪನ ಕೈಗಿಟ್ಟ. ಇಬ್ಬರೂ ಹಿಂಡಿ ಹಚ್ಚಿಕೊಂಡು ಉಂಡರು. ಆ ಜೋಡಿ ಮತ್ತೆ ಬೇಟೆಗೆ ಹೋಗಲಿಲ್ಲ.

ಈಗ ನಾನು ಗಾದಿ ಅಂಗಡಿಯ ಮೂಲೆಯಲ್ಲಿದ್ದೇನೆ. ಮಕ್ತುಂಸಾಬನ ಸೊಸೆ ಹಳೆಯ ಗಾದಿಯ ಹೊಲಿಗೆ ಬಿಚ್ಚಲು ನನ್ನನ್ನು ಬಳಸುತ್ತಾಳೆ. ಬಾಯಿ ಮೊಂಡಾಗಿದೆ. ದಾರ ಹರಿಯಲು ನಾಲ್ಕಾರು ಸಲ ತಿಕ್ಕಬೇಕಾಗುತ್ತದೆ. ಅವಳು ಬೈಯುತ್ತಾಳೆ, ತಿಕ್ಕುತ್ತಾಳೆ. ದಾರಕ್ಕೆ ಅವಸರವಿಲ್ಲ, ನನಗೂ ಇಲ್ಲ.